ದುಡ್ಡಿನ ಇತಿಹಾಸ, ಕಂತು 7: ಫಂಡ್‌ನವರು ಕೊಂಡಿದ್ದನ್ನೇ ನಾವೂ ಕೊಂಡ್ರೆ?

1/5
"ಈ ತಿಂಗಳು ಮ್ಯೂಚುವಲ್ ಫಂಡ್‌ಗಳು ಕೊಂಡ 5 ಶೇರು" ಅನ್ನೋ ರೀಲ್ ಎಲ್ರೂ ನೋಡಿರ್ತೀರಿ. ಪಾಕೆಟ್ ಮನಿ ಉಳಿಸಿ ಅದೇ ಶೇರು ಕೊಳ್ಳೋರೂ ನಮ್ಮಲ್ಲಿದ್ದಾರೆ. ಆ ಪಟ್ಟಿ ನೋಡಿ ಮುಂದಿನ ಲಾಭ ಹೇಳೋಕಾಗುತ್ತಾ? ಅಮೆರಿಕದಲ್ಲಿ ಇದು ಹಳೇ ಜಗಳ.

2/5
1968. ಮೈಕೇಲ್ ಜೆನ್ಸನ್ 1945ರಿಂದ 1964ರವರೆಗೆ 115 ಫಂಡ್‌ಗಳ ಲೆಕ್ಕ ತೆಗೆದ್ರು. ರಿಸ್ಕ್ ಲೆಕ್ಕಕ್ಕೆ ತಗೊಂಡ್ರೆ, ಸರಾಸರಿಯಲ್ಲಿ ಫಂಡ್‌ಗಳು ಮಾರುಕಟ್ಟೆಯನ್ನ ಮೀರಿಸಿರಲಿಲ್ಲ. ಖರ್ಚು ಕಳೆಯೋಕೆ ಮುಂಚೆಯೂ ಅಷ್ಟೇ! ನಾವು ಓದೋ 'ಜೆನ್ಸನ್ ಆಲ್ಫಾ' ಹುಟ್ಟಿದ್ದು ಇಲ್ಲೇ.

3/5
ಆದ್ರೆ ಜೆನ್ಸನ್ ನೋಡಿದ್ದು ಫಂಡ್‌ನ ಒಟ್ಟು ಲಾಭ. ಒಳಗಿರೋ ಶೇರುಗಳ ಕಥೆ ಏನು? 1989ರಲ್ಲಿ ಗ್ರಿನ್‌ಬ್ಲಾಟ್ ಮತ್ತು ಟಿಟ್‌ಮನ್ ಮೂರು ತಿಂಗಳಿಗೊಮ್ಮೆ ಸಿಗೋ ಪೋರ್ಟ್‌ಫೋಲಿಯೋ ಪಟ್ಟಿಗಳನ್ನ ಹಿಡಿದು ಕೂತ್ರು. 2000ದಲ್ಲಿ ರಸ್ ವರ್ಮರ್ಸ್ ಅದೇ ದಾರಿಯಲ್ಲಿ ಮುಂದೆ ಹೋದ್ರು: 1975–94ರಲ್ಲಿ ಫಂಡ್‌ಗಳ ಶೇರುಗಳು ಮಾರುಕಟ್ಟೆಗಿಂತ ವರ್ಷಕ್ಕೆ ಶೇ. 1.3 ಹೆಚ್ಚು ಗಳಿಸಿದ್ವು. ಆದ್ರೆ ಹೂಡಿಕೆದಾರರ ಕೈಗೆ ಬಂದಿದ್ದು ಮಾರುಕಟ್ಟೆಗಿಂತ ಶೇ. 1 ಕಡಿಮೆ! ನಡುವಿನ ಶೇ. 2.3ರಲ್ಲಿ 1.6 ಫೀಸು ಮತ್ತು ವಹಿವಾಟಿನ ಖರ್ಚು. ಉಳಿದ 0.7, ನಗದು ಮತ್ತು ಬಾಂಡ್‌ಗಳಲ್ಲಿ ಇಟ್ಟಿದ್ದರ ಪರಿಣಾಮ.

4/5
ಅದೇ ವರ್ಷ ಚೆನ್, ಜಗದೀಶ್, ವರ್ಮರ್ಸ್ ಸೇರಿ ಇನ್ನೊಂದು ಗಂಟು ಬಿಡಿಸಿದ್ರು. ತುಂಬಾ ಫಂಡ್‌ಗಳ ಹತ್ರ 'ಇರೋ' ಶೇರು ಬೇರೆಯವಕ್ಕಿಂತ ಚೆನ್ನಾಗೇನೂ ಓಡಲಿಲ್ಲ. ಆದ್ರೆ ಹೊಸದಾಗಿ 'ಕೊಂಡ' ಶೇರುಗಳು, 'ಮಾರಿದ' ಶೇರುಗಳಿಗಿಂತ ಮುಂದಿನ ವರ್ಷ ಹೆಚ್ಚು ಗಳಿಸಿದ್ವು. ಯಾಕೆ? ಮಾರಿದ್ರೆ ಖರ್ಚು, ತೆರಿಗೆ ಅಂತ ಹಳೇ ಶೇರು ಸುಮ್ನೆ ಕೂತಿರಬಹುದು. ಖರ್ಚು ಮಾಡಿ ಹೊಸದಾಗಿ ಕೊಳ್ಳೋರ ಹತ್ರ ಸಾಮಾನ್ಯವಾಗಿ ಏನೋ ಹೊಸ ಕಾರಣ ಇರುತ್ತೆ.

5/5
ಈಗ ನಮ್ಮ ದೇಶಕ್ಕೆ ಬನ್ನಿ. ಸೆಬಿ ನಿಯಮದಂತೆ ತಿಂಗಳು ಮುಗಿದು 10 ದಿನದೊಳಗೆ ಫಂಡ್‌ಗಳು ಪಟ್ಟಿ ಹಾಕ್ತವೆ. ಅಂದ್ರೆ 1ನೇ ತಾರೀಕು ಕೊಂಡಿದ್ದು ನಮಗೆ ಗೊತ್ತಾಗೋ ಹೊತ್ತಿಗೆ 40 ದಿನ ಹಳೇದಾಗಿರಬಹುದು. ಪಟ್ಟಿ ಓದೋದಾದ್ರೆ 'ಎಷ್ಟು ಕೋಟಿ' ಅನ್ನೋದಕ್ಕಿಂತ ಶೇರುಗಳ ಸಂಖ್ಯೆ ನೋಡಿ. ರೇಟ್ ಏರಿದ್ರೆ ಸಾಕು, ಒಂದೂ ಶೇರು ಕೊಳ್ಳದೆ ಕೋಟಿ ಹೆಚ್ಚಾಗುತ್ತೆ. ಸಂಖ್ಯೆ ಏರಿದ್ರೂ ಅದು ಎಸ್‌ಐಪಿ ದುಡ್ಡು ಬಂತು ಅಂತ ಕೊಂಡಿದ್ದೂ ಆಗಿರಬಹುದು.

ಸುಳಿವು ಇದೆ, ನಿಜ. ಆದ್ರೆ ಅದು ಸಾವಿರಾರು ಖರೀದಿಗಳ ಸರಾಸರಿಯಲ್ಲಿ ಕಂಡಿದ್ದು. ನಿಮ್ಮ ಐದು ಶೇರಿಗೆ ಅದು ಗ್ಯಾರಂಟಿ ಅಲ್ಲ.

ಸೇವ್ ಮಾಡ್ಕೊಳ್ಳಿ, ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ.
#ದುಡ್ಡಿನಇತಿಹಾಸ #ಬಿಕಾಂ #ಕನ್ನಡದಲ್ಲಿಫೈನಾನ್ಸ್