ಕಾವಲು ವ್ಯಾಪಾರವಾದಾಗ

ಶ್ರಾವಕನ ಅಚೌರ್ಯಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ, ಅಂದರೆ ಕಳವಿಗೆ ಅನ್ಯರನ್ನು ಪ್ರೇರೇಪಿಸುವುದು. ಎರಡನೆಯದು ತದಾಹೃತಾದಾನ, ಅಂದರೆ ಕಳ್ಳರು ತಂದ ವಸ್ತುವನ್ನು ಸ್ವೀಕರಿಸುವುದು. ತನ್ನ ಕೈಯಾರೆ ಕದಿಯದಿದ್ದರೂ ಕಳವಿನಿಂದ ಲಾಭ ಪಡೆಯುವವನು ದೋಷಕ್ಕೆ ಹೊರತಲ್ಲವೆಂಬುದು ಇದರ ಅಭಿಪ್ರಾಯ. ಈ ಎರಡು ದೋಷಗಳೂ ಒಂದು ಮಹಾನಗರದ ರಕ್ಷಣಾ ವ್ಯವಸ್ಥೆಯೊಳಗೇ ಬೇರೂರಿದ ನಿದರ್ಶನ 18ನೆಯ ಶತಮಾನದ ಲಂಡನ್ನಿನ ಇತಿಹಾಸದಲ್ಲಿದೆ.

ಆಗಿನ ಲಂಡನ್ನಿನಲ್ಲಿ ಇಂದಿನ ಅರ್ಥದ ಪೊಲೀಸ್ ಇಲಾಖೆ ಇರಲಿಲ್ಲ. ರಾತ್ರಿ ಕಾವಲುಗಾರರೂ ಕೆಲವು ಕಾನ್‌ಸ್ಟೇಬಲ್ಲರೂ ಇದ್ದರು. ಆದರೆ ಕಳ್ಳನನ್ನು ಹುಡುಕಿ ನ್ಯಾಯಾಲಯಕ್ಕೆ ತರುವ ಶ್ರಮವೂ ವೆಚ್ಚವೂ ಬಹುಮಟ್ಟಿಗೆ ಸೊತ್ತು ಕಳೆದುಕೊಂಡವನದೇ ಆಗಿತ್ತು. 1692ರಲ್ಲಿ ಪಾರ್ಲಿಮೆಂಟು, ಹೆದ್ದಾರಿಯ ದರೋಡೆಕಾರನನ್ನು ಹಿಡಿದು ಶಿಕ್ಷೆಯಾಗುವಂತೆ ಮಾಡಿದವರಿಗೆ 40 ಪೌಂಡ್ ಬಹುಮಾನವನ್ನು ಗೊತ್ತುಪಡಿಸಿತು. ಕೂಲಿಕಾರನೊಬ್ಬನ ವರ್ಷದ ಸಂಪಾದನೆಗಿಂತ ಅದು ಹೆಚ್ಚು. ಈ ಹಣವನ್ನೇ ನಂಬಿ ಕಳ್ಳರನ್ನು ಹಿಡಿದುಕೊಡುವ ಖಾಸಗಿ ವೃತ್ತಿಯೊಂದು ಬೆಳೆಯಿತು.

ಜೊನಾಥನ್ ವೈಲ್ಡ್ ಎಂಬವನು ಆ ವೃತ್ತಿಯನ್ನು ದೊಡ್ಡ ವಹಿವಾಟಾಗಿ ಕಟ್ಟಿದನು. ಓಲ್ಡ್ ಬೇಲಿ ನ್ಯಾಯಾಲಯದ ಸಮೀಪದಲ್ಲೇ ಅವನ ಕಚೇರಿ. ಕಳವಿಗೆ ಒಳಗಾದವರು ಅಲ್ಲಿಗೆ ಹೋಗಿ ಹೇಳಿಕೊಳ್ಳುತ್ತಿದ್ದರು; ಕೆಲವು ದಿನಗಳಲ್ಲಿ ಹಣ ತೆತ್ತು ವಸ್ತುವನ್ನು ಮರಳಿ ಪಡೆಯುತ್ತಿದ್ದರು. ಬಾರದೇನು? ಕದ್ದವರು ಅವನ ಕೈಕೆಳಗಿನವರೇ! ಹೇಳಿದಂತೆ ಕೇಳದ ಕಳ್ಳನನ್ನು ಅವನೇ ಹಿಡಿದೊಪ್ಪಿಸಿ ಬಹುಮಾನವನ್ನೂ ಪಡೆಯುತ್ತಿದ್ದನು. 1718ರಲ್ಲಿ, ಕಳ್ಳನನ್ನು ಹಿಡಿದುಕೊಡದೆ ಕದ್ದ ವಸ್ತುವನ್ನು ಹಿಂದಿರುಗಿಸಿ ಹಣ ಪಡೆಯುವುದು ಅಪರಾಧವೆಂದು ಶಾಸನವಾಯಿತು. ಆದರೂ 1720ರಲ್ಲಿ ದರೋಡೆ ಹೆಚ್ಚಿದಾಗ ರಾಜನ ಮಂತ್ರಾಲೋಚನಾ ಸಭೆ ಸಲಹೆ ಕೇಳಿದ್ದು ಇದೇ ವೈಲ್ಡನನ್ನು. ಬಹುಮಾನವನ್ನು ಹೆಚ್ಚಿಸಬೇಕೆಂದು ಅವನು ಹೇಳಿದನು, ಹಾಗೆಯೇ ಆಯಿತು. ಕೊನೆಗೆ, ಕಳವಾದ ಕಸೂತಿಪಟ್ಟಿಯನ್ನು ಮರಳಿಸಲು ಹತ್ತು ಗಿನಿ ಪಡೆದ ಆರೋಪ ಸಾಬೀತಾಗಿ, 1725ರ ಮೇ 24ರಂದು ಅವನು ಗಲ್ಲಿಗೇರಿದನು.

ಆದರೆ ಬಹುಮಾನದ ಪದ್ಧತಿ ಉಳಿದುಕೊಂಡಿತು. 1754ರಲ್ಲಿ ಮ್ಯಾಕ್‌ಡೇನಿಯಲ್ ಎಂಬವನ ತಂಡ ಬಯಲಿಗೆ ಬಂತು. ಅವರು ಬಡವರನ್ನು ದರೋಡೆಯ ಜಾಲದಲ್ಲಿ ಸಿಲುಕಿಸಿ, ತಾವೇ ಸಾಕ್ಷಿ ಹೇಳಿ ಹಣ ಪಡೆಯುತ್ತಿದ್ದರು. ಜೋಶುವಾ ಕಿಡನ್ ಎಂಬ ನಿರಪರಾಧಿ ಹೀಗೆ ಅದೇ ವರ್ಷ ಪ್ರಾಣ ಕಳೆದುಕೊಂಡಿದ್ದನು. ಚಿಕ್ಕ ಕಳವಿನ ಹುಡುಗನನ್ನು ಆಗಲೇ ಹಿಡಿಯದೆ, ಅವನು ‘ನಲವತ್ತು ಪೌಂಡ್ ತೂಗುವ’ ಅಪರಾಧಕ್ಕೆ ಬೆಳೆಯುವವರೆಗೆ ಕಾಯುವುದು ಅಧಿಕಾರಿಗಳಲ್ಲೂ ರೂಢಿಯ ಮಾತಾಗಿತ್ತು. ಕಟುಕನು ಕುರಿಮರಿಯನ್ನು ಕೊಬ್ಬಿಸುವ ಲೆಕ್ಕವೇ ಇದು. 1818ರಲ್ಲಿ ಈ ಶಾಸನಬದ್ಧ ಬಹುಮಾನಗಳು ರದ್ದಾದವು.

ಬಸದಿಗೆ ಕಾವಲುಗಾರನನ್ನು ಇಡುವುದು ಬೇರೆ. ಹಿಡಿಯುವ, ಅಪರಾಧವೆಂದು ನಿರ್ಣಯಿಸುವ ಅಧಿಕಾರವನ್ನು ಹಣ ಕೊಡುವವರ ಕೈಗೆ ಒಪ್ಪಿಸುವುದು ಬೇರೆ. ಇದನ್ನು ಥೇಮ್ಸ್ ನದಿಯ ಪೊಲೀಸ್ ಕಚೇರಿಯಲ್ಲಿ ಕಾಣಬಹುದು. 1798ರಲ್ಲಿ ಪ್ಯಾಟ್ರಿಕ್ ಕೊಹೂನ್ ಮತ್ತು ಜಾನ್ ಹ್ಯಾರಿಯಟ್ ಅದನ್ನು ಸ್ಥಾಪಿಸಿದರು. ವೆಚ್ಚದ ಬಹುಭಾಗವನ್ನು ವೆಸ್ಟ್ ಇಂಡೀಸಿನ ಸಕ್ಕರೆ ವರ್ತಕರು ಮತ್ತು ತೋಟದ ಒಡೆಯರು ಭರಿಸಿದರು. ನದಿಯಲ್ಲಿ ಕಳವು ವಿಪರೀತವಾಗಿದ್ದುದು ನಿಜ, ಅದು ತಗ್ಗಿದ್ದೂ ನಿಜ. ಆದರೆ ಸರಕು ಇಳಿಸುವ ಕೂಲಿಗಳನ್ನು ಗೊತ್ತುಮಾಡಿ ಅವರಿಗೆ ಕೂಲಿ ಹಂಚುವ ಕೆಲಸವೂ ಅದೇ ಕಚೇರಿಯದಾಯಿತು. ನೆಲಕ್ಕೆ ಚೆಲ್ಲಿದ ಸರಕನ್ನು ಗುಡಿಸಿ ಒಯ್ಯುವ ಹಳೆಯ ವಾಡಿಕೆಯನ್ನು ಕೆಲಸಗಾರರು ತಮ್ಮ ಹಕ್ಕೆಂದು ತಿಳಿದಿದ್ದರು. ಈಗ ಅದು ಕಳವೆನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಲಿದ್ದಲು ಹೊರುವವರು ವಾಪಿಂಗಿನ ಆ ಕಚೇರಿಗೆ ಮುತ್ತಿಗೆ ಹಾಕಿದರು, ಗಲಭೆಯಲ್ಲಿ ಪ್ರಾಣಹಾನಿಯಾಯಿತು. 1800ರಲ್ಲಿ ಶಾಸನವೊಂದರ ಮೂಲಕ ಕಚೇರಿ ಸರ್ಕಾರಕ್ಕೆ ಸೇರಿತು.

ಆ ಸಕ್ಕರೆಯನ್ನು ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಇಲ್ಲವೆ ಅವರ ಮಕ್ಕಳು. ಹಡಗಿನ ಕೂಲಿಯ ಜೇಬಿನಲ್ಲಿದ್ದ ಹಿಡಿ ಸಕ್ಕರೆಗೆ ಆ ಕಚೇರಿಯಲ್ಲಿ ಶಿಕ್ಷೆಯಿತ್ತು. ಮನುಷ್ಯರನ್ನೇ ಕದ್ದು ತರುವ ವ್ಯಾಪಾರವನ್ನು ಬ್ರಿಟಿಷ್ ಪಾರ್ಲಿಮೆಂಟು ನಿಷೇಧಿಸಿದ್ದು 1807ರಲ್ಲಿ.