ಹಿಮ ಕಚ್ಚಿದ ಕಾಲಿಗೆ ಎಷ್ಟು ಪರ್ಸೆಂಟ್?

ನಮ್ಮ ಚಂದಕವಾಡಿ ಕಡೆ ಚಳಿ ಅಂದ್ರೆ ಮಾಗಿಯ ಇಬ್ಬನಿ, ಒಂದು ಕಂಬಳಿ, ಮನೆ ಮುಂದೆ ಒಂದಿಷ್ಟು ಬೆಂಕಿ. ಇಂಥ ಸೀಮೆಯ ಹುಡುಗ ಸೈನ್ಯ ಸೇರಿ ಸಿಯಾಚಿನ್‌ಗೆ ಹೋದರೆ ಅಲ್ಲಿನ ಚಳಿ ಅವನ ಕಾಲಿಗೆ ಏನು ಮಾಡುತ್ತೆ, ಆಮೇಲೆ ಸರ್ಕಾರ ಅದನ್ನ ಹೇಗೆ ಅಳೆಯುತ್ತೆ? ಇವತ್ತಿನ ಮಾತು ಅದೇ.

ಆಪರೇಷನ್ ಮೇಘದೂತ್ ಶುರುವಾದದ್ದು 1984ರ ಏಪ್ರಿಲ್ 13ಕ್ಕೆ. ಅಂದಿನಿಂದ ಅಲ್ಲಿ ಶತ್ರುವಿನ ಗುಂಡಿಗಿಂತ ಹೆಚ್ಚು ಜೀವ ತೆಗೆದದ್ದು ಹವಾಮಾನ. 2016ರ ಫೆಬ್ರುವರಿ 3ರ ಹಿಮಪಾತ ನಿಮಗೆ ನೆನಪಿರಬೇಕು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಸತ್ತವರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯ ಮಹೇಶ್, ಹಾಸನದ ನಾಗೇಶ್ ಕೂಡ ಇದ್ದರು. ಇಡೀ ರಾಜ್ಯ ಕಣ್ಣೀರು ಹಾಕಿತು. ಬದುಕಿ ಬಂದವರನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸಲ್ಲ.

ಹಿಮಕಡಿತ ಅಂದ್ರೆ ಮಾಂಸದೊಳಗಿನ ನೀರೇ ಮಂಜುಗಡ್ಡೆಯಾಗೋದು. ರಕ್ತನಾಳ ಕಟ್ಟಿಕೊಳ್ಳುತ್ತೆ, ಬೆರಳು ಕಪ್ಪಾಗುತ್ತೆ, ಕೊನೆಗೆ ಕತ್ತರಿಸಬೇಕಾಗುತ್ತೆ. ಹೋದ ಬೆರಳಿನ ಲೆಕ್ಕ ಸುಲಭ, ಎಣಿಸಿದರಾಯ್ತು. ಉಳಿದ ಬೆರಳಿನದ್ದೇ ಕಷ್ಟ. ನರ ಸತ್ತ ಕಾಲಲ್ಲಿ ಅರಿಶಿನದ ಹೊಲಕ್ಕಿಳಿದ್ರೆ ಮುಳ್ಳು ಚುಚ್ಚಿದ್ದು ಗೊತ್ತಾಗಲ್ಲ, ರಕ್ತ ಕಂಡಾಗಲೇ ಗೊತ್ತಾಗೋದು. ಕೀಲುನೋವು ಎಷ್ಟೋ ವರ್ಷ ಆದಮೇಲೂ ಬರಬಹುದು, ಅಷ್ಟೊತ್ತಿಗೆ ಆತ ನಿವೃತ್ತ.

1961ರ ಸೇನಾ ಪಿಂಚಣಿ ನಿಯಮಾವಳಿಯ 173ನೇ ನಿಯಮ ಎರಡು ವಿಷಯ ಕೇಳುತ್ತಿತ್ತು: ವೈಕಲ್ಯ ಸೇವೆಯಿಂದ ಬಂದಿರಬೇಕು ಅಥವಾ ಉಲ್ಬಣಿಸಿರಬೇಕು, ಮತ್ತು ಅದು ಶೇ 20ಕ್ಕೆ ಕಡಿಮೆ ಇರಬಾರದು. ಶೇ 50ರೊಳಗಿನದ್ದನ್ನು 50 ಎಂದೇ ಲೆಕ್ಕ ಹಾಕುವ ಸೌಲಭ್ಯ ಮೊದಲು ವೈದ್ಯಕೀಯ ಕಾರಣಕ್ಕೆ ಹೊರಬಂದವರಿಗಷ್ಟೇ ಇತ್ತು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅವಧಿ ಮುಗಿಸಿ ಬಂದವರಿಗೂ ಕೊಡಿಸಿತು. ಅಂದ್ರೆ ನೋಡಿ, ಆ ಲೆಕ್ಕದಲ್ಲಿ ವೈದ್ಯಕೀಯ ಮಂಡಳಿ 20 ಬರೆದರೆ ಅದು 50 ಆಗುತ್ತಿತ್ತು. 19 ಬರೆದರೆ ಸೊನ್ನೆ! ಮರಗಟ್ಟಿದ ಕಾಲಲ್ಲಿ ಆ ಒಂದು ಪರ್ಸೆಂಟ್ ಎಲ್ಲಿರುತ್ತೆ ಅಂತ ಯಾವ ಡಾಕ್ಟರ್ ತೋರಿಸ್ತಾರೋ ನನಗಂತೂ ತಿಳಿಯದು.

ಅಮೆರಿಕದವರೂ ಇದನ್ನು ತಡವಾಗಿಯೇ ಕಲಿತದ್ದು. 1950ರ ಚಳಿಗಾಲದಲ್ಲಿ ಕೊರಿಯಾದ ಚೋಸಿನ್‌ನಲ್ಲಿ ಹೆಪ್ಪುಗಟ್ಟಿದವರು ಮುದುಕರಾದ ಮೇಲೆ, 1998ರಲ್ಲಿ ಅಲ್ಲಿನ ನಿಯಮ ಪರಿಷ್ಕರಣೆ ಆಯ್ತು. ಅಲ್ಲಿ ಬರೀ ನೋವು, ಜೋಮು ಇದ್ದರೂ ಶೇ 10. ಉಗುರು, ಚರ್ಮದ ಬಣ್ಣ ಕೆಟ್ಟಿದ್ದರೆ 20, 30. ಅದೂ ಒಂದೊಂದು ಕಾಲಿಗೆ ಬೇರೆ ಬೇರೆ.

ನಮ್ಮಲ್ಲಿ ಧರಂವೀರ್ ಸಿಂಗ್ ಪ್ರಕರಣದ 2013ರ ತೀರ್ಪು ಸೈನಿಕರ ಕೈಹಿಡಿದಿದೆ. ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆ ಇಲ್ಲದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಅಂತ ಮೊದಲು ನಂಬಬೇಕು ಎಂದಿತು ಆ ತೀರ್ಪು. ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸರ್ಕಾರದ್ದು ಅಂತಲೂ ಹೇಳಿತು. ಆದರೆ ಪರ್ಸೆಂಟ್ ಬರೆಯೋದು ಈಗಲೂ ಮಂಡಳಿಯೇ. ನಿಮ್ಮ ಮನೆಯವರು ಯಾರಾದ್ರೂ ನಿವೃತ್ತಿ ಹತ್ತಿರದಲ್ಲಿದ್ರೆ ಅವರಿಗೆ ಹೇಳಿ: ಆ ದಿನ ಮಂಡಳಿ ಮುಂದೆ 'ಏನಿಲ್ಲ ಸಾರ್, ಚೆನ್ನಾಗಿದ್ದೀನಿ' ಅನ್ನಬೇಡಿ. ಷೂ ಬಿಚ್ಚಿ ತೋರಿಸಿ, ಬರೆಸಿಕೊಳ್ಳಿ, ನಕಲು ಇಟ್ಟುಕೊಳ್ಳಿ.