ತೆರೆದ ಕೆರೆ, ಬೀಗ ಹಾಕಿದ ಯಂತ್ರ

ಸ್ವಲ್ಪ ಉದ್ದದ ಪೋಸ್ಟ್, ಪುರುಸೊತ್ತು ಮಾಡಿ ಓದಿ.

ನಾನು ನಂದಿಕೂರಿನವ. ಈಚೆಗೆ ಅಮ್ಮನನ್ನು ಒಂದು ರೇಷನ್ ಅಂಗಡಿಗೆ ಕರಕೊಂಡು ಹೋಗಿದ್ದೆ. ಜೀವಮಾನವಿಡೀ ಗದ್ದೆ ಕೆಲಸ ಮಾಡಿ, ಕಲ್ಲು ಹೊತ್ತು ಸವೆದ ಹೆಬ್ಬೆರಳು ಅವರದ್ದು. ಯಂತ್ರ ನಾಲ್ಕು ಸಲವೂ ಒಪ್ಪಲಿಲ್ಲ. "ನಾನೇನ್ ಮಾಡ್ಲಿ? ಮೆಷಿನ್ ತಗೊಳ್ಳುದಿಲ್ಲ, ನಾಳೆ ಬನ್ನಿ" ಅಂದ್ರು. ಅಮ್ಮ ಖಾಲಿ ಚೀಲ ಮಡಚಿಕೊಂಡು ಹೊರಟರು.

ಈ ಯಂತ್ರದ ಹೊಟ್ಟೆಯೊಳಗೆ ಏನುಂಟು ಅಂತ ಹುಡುಕಿದಾಗ ಸಿಕ್ಕಿದ್ದು ನಮ್ಮ ಕರ್ನಾಟಕದ್ದೇ ಒಂದು ಚರಿತ್ರೆ: ಸಿಂಪ್ಯೂಟರ್.

1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಒಂದು ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಅಂಗೈಯಗಲದ ಯಂತ್ರವನ್ನು ತೋರಿಸಿದರು. ಅದರೊಳಗೆ ಲಿನಕ್ಸ್. ಅಂದ್ರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಕಾರ್ಯಾಚರಣಾ ವ್ಯವಸ್ಥೆ. ಯಂತ್ರದ ವಿನ್ಯಾಸವನ್ನೂ ಮುಕ್ತ ಪರವಾನಗಿಯಲ್ಲಿ ಕೊಟ್ಟರು. ಊರಿಗೆ ಒಂದು ಯಂತ್ರ ಸಾಕು, ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್ ಕಾರ್ಡ್. ಅಕ್ಷರ ಬಾರದವರಿಗೆ ಕನ್ನಡದಲ್ಲೇ ಓದಿ ಹೇಳಲು 'ಧ್ವನಿ' ಎಂಬ ತಂತ್ರಾಂಶ. ಎಂಥಾ ಕನಸು ಅಲ್ವಾ?

ಗುರಿ ಇಟ್ಟ ಬೆಲೆ 9,000 ರೂಪಾಯಿ. 2004ರಲ್ಲಿ ಬಿಇಎಲ್ ತಯಾರಿಸಿ ಮಾರುಕಟ್ಟೆಗೆ ತಂದಾಗ ಅತಿ ಅಗ್ಗದ್ದಕ್ಕೇ ಹತ್ತಿರತ್ತಿರ 10,000. 50,000 ಮಾರಾಟವಾಗಬಹುದು ಅಂದುಕೊಂಡಿದ್ದರೆ ಹೋದದ್ದು ಸುಮಾರು 4,000 ಮಾತ್ರ. ಅಷ್ಟರಲ್ಲಿ ಮೊಬೈಲ್ ಬಂತು. ಅಷ್ಟು ದುಡ್ಡನ್ನು ಒಟ್ಟಿಗೆ ಕಂಡವರು ಆಗ ನಮ್ಮ ಕೇರಿಯಲ್ಲಿ ಎಷ್ಟು ಜನ? ಸಿಂಪ್ಯೂಟರ್ ಎಂಬ ಹೆಸರೂ ನಮ್ಮ ತನಕ ಬರಲಿಲ್ಲ.

ಇಲ್ಲಿ ನನಗೆ ಮಹಾಡ್ ನೆನಪಾಗ್ತದೆ. ಚವ್ದಾರ್ ಕೆರೆಯನ್ನು ಅಲ್ಲಿನ ಪುರಸಭೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು. ಕಾಗದದ ಮೇಲೆ! ನಮ್ಮವರು ನೀರು ಮುಟ್ಟಿದ್ದು 1927ರ ಮಾರ್ಚ್ 20ಕ್ಕೆ, ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋದ ಮೇಲೆ. ಸಿಂಪ್ಯೂಟರ್ ಮಾಡಿದವರು ನಮ್ಮನ್ನು ದೂರ ಇಡಲು ಹೊರಟವರಲ್ಲ, ಆ ಮಾತು ನಾನು ಹೇಳುವುದಿಲ್ಲ. ಆದ್ರೆ ತೆರೆದದ್ದೆಲ್ಲ ತಲುಪುವುದಿಲ್ಲ.

ಇನ್ನೊಂದು ಕಥೆ ಕೇಳಿ. ಅಮೆರಿಕದ ಟಿವೋ ಎಂಬ ಟಿವಿ ರೆಕಾರ್ಡರ್ ಒಳಗೂ ಲಿನಕ್ಸೇ ಇತ್ತು. ಕೋಡ್ ಕೊಟ್ಟರು, ಆದ್ರೆ ತಿದ್ದಿದ ಕೋಡ್ ಹಾಕಿದರೆ ಯಂತ್ರ ಓಡುತ್ತಿರಲಿಲ್ಲ. ಇದನ್ನು ತಡೆಯಲೆಂದೇ 2007ರ ಜಿಪಿಎಲ್ ಮೂರನೇ ಆವೃತ್ತಿಯಲ್ಲಿ ಹೊಸ ನಿಯಮ ಬಂತು. ಲಿನಕ್ಸ್ ಮಾತ್ರ ಹಳೆಯ ಎರಡನೇ ಆವೃತ್ತಿಯಲ್ಲೇ ಉಳಿಯಿತು. ಸಣ್ಣ ಯಂತ್ರಗಳಿಗಾಗಿ 2016ರಲ್ಲಿ ಬಂದ ಜೆಫಿರ್ ಕೂಡ ಮುಕ್ತವೇ, ಆದರೆ ಅದನ್ನು ಬಳಸಿದ ಕಂಪನಿ ತನ್ನ ಬದಲಾವಣೆಯನ್ನು ತೋರಿಸಲೇಬೇಕು ಅಂತಿಲ್ಲ. ಊರ ಕೆರೆಯ ನೀರನ್ನೇ ಕೊಡಕ್ಕೆ ತುಂಬಿ ಬೀಗ ಹಾಕಿದ ಹಾಗೆ.

ಮೀಟರ್, ಹಾಜರಿ ಯಂತ್ರ, ರೇಷನ್ ಯಂತ್ರ, ಎಲ್ಲವೂ ಈಗ ನಮ್ಮ ಹಕ್ಕಿನ ಬಾಗಿಲಲ್ಲಿ ಕೂತಿವೆ. ಹಾಗಾಗಿ ಕೇಳೋಣ: ಸರ್ಕಾರದ ದುಡ್ಡಲ್ಲಿ ಕೊಂಡ ಯಂತ್ರದ ಕೋಡ್ ಜನರ ಮುಂದೆ ಬರಲಿ. ಯಂತ್ರ ಬೇಡ ಅಂದರೂ ಅಕ್ಕಿ ಸಿಗಲಿ. ಮತ್ತೆ ನಮ್ಮ ಹಾಸ್ಟೆಲ್ ಮಕ್ಕಳೇ, ಕೆಲವು ನೂರು ರೂಪಾಯಿಗೆ ಒಂದು ಬೋರ್ಡ್ ಸಿಗ್ತದೆ. ಕೊಳ್ಳಿ, ಬಿಚ್ಚಿ, ಬರೆಯಿರಿ.

ಅಮ್ಮನ ಹೆಬ್ಬೆರಳು ಸವೆದದ್ದು ತಪ್ಪಲ್ಲ. ಅದನ್ನು ಗುರುತಿಸದ ಯಂತ್ರದ್ದೇ ತಪ್ಪು.

ಜೈ ಭೀಮ್.